ಕಾವೇರಿ ಟೀಚರ್ ಅಳೆದ ಬೆಳಕು

ಕಾವೇರಿ ಟೀಚರ್ ಯಾರ ಮನೆಗೆ ಹೋದರೂ ಮೊದಲು ಕಿಟಕಿ ಮುಚ್ಚುತ್ತಿದ್ದರು. ನಮಸ್ಕಾರ, ಕ್ಷೇಮ ಸಮಾಚಾರ, ಬೆಲ್ಲ ನೀರು ಎಲ್ಲ ಆಮೇಲೆ. ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಕಪ್ಪು ಬಟ್ಟೆ ತುರುಕಿ, ಕೋಣೆಯ ನಡುವೆ ನಿಂತು ಹೆಂಚಿನ ಕಡೆ ಕತ್ತೆತ್ತಿ, “ಅಗಾ, ಅಲ್ಲೊಂದು ತೂತು” ಎನ್ನುತ್ತಿದ್ದರು. ಪರರ ಮನೆಯಲ್ಲಿ ಹಾಡಹಗಲೇ ಕತ್ತಲೆ ಮಾಡಿಕೊಳ್ಳುವವರನ್ನು ಕಂಡರೆ ಯಾರಿಗಾದರೂ ಏನನ್ನಿಸಬೇಕು? ನನಗೂ ಅದೇ ಅನ್ನಿಸಿತು. ಈ ಹೆಂಗಸು ಏನೋ ಹೊಡೆದುಕೊಂಡು ಹೋಗಲು ಬಂದಿದ್ದಾರೆ.

ನಾನು ನರಸಿಂಹರಾಜಪುರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ತಂತಿ ಹಿಡಿದೆ. ಓದಿದವರ ಹಾಗೆ ನಾಲ್ಕು ಮಾತು ಚಂದ ಮಾಡಿ ಆಡಲು ಬಾರದು, ಆದರೆ ಮುತ್ತಿನಕೊಪ್ಪದಿಂದ ಬಾಳೆಹೊನ್ನೂರಿನ ತನಕ ನಾನು ಸುತ್ತಿದ ಮೋಟಾರು ಯಾವುದೂ ಅದೇ ತೊಂದರೆಗೆ ಎರಡನೇ ಸಲ ನನ್ನ ಮೆಟ್ಟಿಲು ಹತ್ತಿದ್ದಿಲ್ಲ. ನಮ್ಮ ಮಸೀದಿಯ ವೈರಿಂಗೂ ನನ್ನದೇ. ಅಲ್ಲಿ ಒಳಗೆ ಮೂರು ಹಳೆಯ ಗಾಜಿನ ದೀಪಗಳಿವೆ. ಮೇಲೆ ಹೂವಿನಂತೆ ಅರಳಿದ ಕುತ್ತಿಗೆ, ನಡುವೆ ಉಬ್ಬಿದ ಹೊಟ್ಟೆ, ಕೆಳಗೆ ಪುಟ್ಟ ಪಾದ. ಹೊಟ್ಟೆಯ ಸುತ್ತ ನೀಲಿ ಬಣ್ಣದಲ್ಲಿ ಅರಬಿ ಅಕ್ಷರ, ಅದರ ಅಂಚಿಗೆ ಚಿನ್ನದ ಗೆರೆ. ಏಲಕ್ಕಿ ವ್ಯಾಪಾರಿಯೊಬ್ಬರು ಮಂಗಳೂರಿನ ಬಂದರಿನಿಂದ ಎತ್ತಿನ ಗಾಡಿಯಲ್ಲಿ ಭತ್ತದ ಹೊಟ್ಟಿನ ನಡುವೆ ಇಟ್ಟು ತಂದರೆಂದು ಹಿರಿಯರು ಹೇಳುತ್ತಿದ್ದರು. ಮೊದಲು ಎಣ್ಣೆ ಹಾಕುತ್ತಿದ್ದರು, ಆಮೇಲೆ ಬಲ್ಬು ಬಂತು. ರಂಜಾನ್‌ಗೆ ಮೊದಲು ಏಣಿ ಹಾಕಿ ಅವನ್ನು ಇಳಿಸುವುದು, ತೊಳೆಯುವುದು, ಮತ್ತೆ ಏರಿಸುವುದು ಆಗ ಇಪ್ಪತ್ತು ವರ್ಷದಿಂದ ನನ್ನ ಕೆಲಸವಾಗಿತ್ತು. ಬೇರೆಯವರು ಮುಟ್ಟುವ ಹಾಗಿರಲಿಲ್ಲ. ಅದು ನನಗೆ ಸಣ್ಣ ಮರ್ಯಾದೆಯಾಗಿರಲಿಲ್ಲ.

ಅಂಥದ್ದರಲ್ಲಿ ಒಂದು ದಿನ ಮಸೀದಿಯ ಅಧ್ಯಕ್ಷರಾದ ಹಾಜಿಯವರು ಅಂಗಡಿಗೆ ಬಂದು, “ಯೂಸುಫ್, ಹಿರೇಕೊಡಿಗೆ ಕಡೆಯ ಟೀಚರೊಬ್ಬರು ಬರ್ತಾರೆ. ಕೊಪ್ಪದಲ್ಲಿ ನಮ್ಮ ಮಗಳಿಗೆ ವಿಜ್ಞಾನ ಪಾಠ ಮಾಡಿದವರು. ದೀಪ ಅಳೀಬೇಕಂತೆ” ಎಂದರು.

“ಉದ್ದ ಅಗಲ ತಾನೇ? ನಾನೇ ಟೇಪ್ ಹಿಡಿದು ಹೇಳ್ತೀನಿ.”

“ಅದಲ್ಲ ಮಾರಾಯ. ಬೆಳಕು ಎಷ್ಟು ತೂರ್ತದೆ ಅಂತ.”

ನಾನು ನಕ್ಕೆ. ಹಾಜಿಯವರು ನಗಲಿಲ್ಲ. ಹೆಂಗಸರು ಮಸೀದಿಯ ಒಳಗೆ ಬರುವ ರೂಢಿ ನಮ್ಮಲ್ಲಿ ಇಲ್ಲದ್ದರಿಂದ, ಟೀಚರು ಪಕ್ಕದ ಮದರಸಾದ ಕೋಣೆಯಲ್ಲಿ ಕೂರುವುದು, ಮಧ್ಯಾಹ್ನದ ನಮಾಜು ಮುಗಿದ ಮೇಲೆ ನಾನು ದಿನಕ್ಕೊಂದು ದೀಪ ಇಳಿಸಿ ಅಲ್ಲಿಗೆ ಒಯ್ಯುವುದು, ಇಳಿಹೊತ್ತಿನ ಅಸರ್ ನಮಾಜಿಗೆ ಮೊದಲು ಮತ್ತೆ ಕೊಕ್ಕೆಗೆ ಏರಿಸುವುದು ಎಂದು ತೀರ್ಮಾನವಾಯಿತು. ಹೊರಡುವಾಗ ಅವರು, “ಒಡೆದರೂ ನೀನೇ, ಹೋದರೂ ನೀನೇ. ಗೊತ್ತಾಯ್ತಲ್ಲ?” ಎಂದು ಬೆರಳು ತೋರಿಸಿದರು.

ಸೋಮವಾರ ಬಸ್ಸಿನಿಂದ ಇಳಿದವರನ್ನು ನೋಡಿದೆ. ಕಡ್ಡಿಯಂಥ ಮೈ, ನೂಲಿನ ಸೀರೆ, ಗಂಡಸರ ಗಡಿಯಾರ, ಕನ್ನಡಕಕ್ಕೆ ದಾರ. ಒಂದು ಕೈಯಲ್ಲಿ ಒಳಗೆಲ್ಲ ಕಪ್ಪು ಬಳಿದ ಪ್ಲೈವುಡ್ ಪೆಟ್ಟಿಗೆ, ಇನ್ನೊಂದರಲ್ಲಿ ಒಂದು ದೊಡ್ಡ ಚೀಲ. ಅಷ್ಟು ದೊಡ್ಡ ಚೀಲ ಯಾಕೆ ಎಂದು ಆಗಲೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ಕೆಲವು ವರ್ಷದ ಹಿಂದೆ ಪಕ್ಕದ ಊರಿನಲ್ಲಿ ಫೋಟೋ ತೆಗೆಯುತ್ತೇನೆಂದು ಬಂದವನೊಬ್ಬ ಹಿತ್ತಾಳೆಯ ಧೂಪದಾನಿ ಎತ್ತಿಕೊಂಡು ಹೋಗಿದ್ದ. ಅವನೂ ನೋಡಲು ಸಂಭಾವಿತನ ಹಾಗೆಯೇ ಇದ್ದನಂತೆ.

ಮೂರರಲ್ಲಿ ದೊಡ್ಡದಾದ ನಡುವಿನ ದೀಪವನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ತಂದಿಟ್ಟೆ. ಅವರು ದೀಪವನ್ನು ನೋಡಲಿಲ್ಲ, ನನ್ನನ್ನು ನೋಡಿದರು.

“ನೀನು ಹೊರಗೆ ಹೋಗು ಮಾರಾಯ.”

“ಯಾಕೆ ಟೀಚರೇ?”

“ಬಿಳಿ ಅಂಗಿ ಹಾಕಿದ್ದೀಯಲ್ಲ, ಅದರಿಂದ ಬೆಳಕು ಚಿಮ್ತದೆ. ನನ್ನ ಮೀಟರಿಗೆ ನಿನ್ನ ಅಂಗಿಯೂ ಒಂದು ದೀಪವೇ.”

ಬಾಗಿಲ ಹೊರಗೆ ಒಂದೂವರೆ ಗಂಟೆ ನಿಂತೆ. ಒಳಗೆ ಏನು ನಡೆಯುತ್ತಿದೆಯೋ ಕಾಣದು. ಮದರಸಾದ ಉಸ್ತಾದರು ಚಹಾ ಕಳಿಸಿದರೆ ಅದೂ ಬೇಡವಂತೆ. ಓ, ಇದು ಬೇರೆ ಲೆಕ್ಕ, ನಮ್ಮ ಕೈಯ ಚಹಾ ಆಗುವುದಿಲ್ಲ, ನಮ್ಮ ದೀಪ ಮಾತ್ರ ಆಗುತ್ತದೆ ಎಂದುಕೊಂಡೆ. ಕೆಲಸ ಮುಗಿಸಿ ಬಾಗಿಲು ತೆರೆದವರೇ, “ಎಲ್ಲಿ ಆ ಚಹಾ? ಒಳಗೆ ತಂದರೆ ಹಬೆ ಗಾಜಿಗೆ ಕೂರ್ತದೆ. ಈಗ ಕೊಡು, ಎರಡು ಲೋಟ ಕುಡೀತೀನಿ” ಎಂದರು. ಎರಡಲ್ಲ, ಮೂರು ಲೋಟ ಕುಡಿದರು. ಉಸ್ತಾದರ ಬಿಸ್ಕತ್ತಿನ ಡಬ್ಬವೂ ಖಾಲಿಯಾಯಿತು.

ಮರುದಿನ ನಾನು ಮೋಟಾರಿನ ಮಸಿ ಹಿಡಿದ ಕಪ್ಪು ಅಂಗಿಯನ್ನೇ ಹಾಕಿಕೊಂಡು ಹೋದೆ. ಟೀಚರು ಮೇಲಿಂದ ಕೆಳಗೆ ನೋಡಿ, “ಹಾಂ, ಬುದ್ಧಿವಂತ. ಮೂಲೆಯಲ್ಲಿ ಕೂತ್ಕೋ. ಹಲ್ಲು ಬಿಡಬೇಡ” ಎಂದರು.

ಕೆಲಸ ನೋಡಿದೆ. ಹೇಳಿದರೆ ಸುಲಭ. ಪೆಟ್ಟಿಗೆಯೊಳಗೆ ಬ್ಯಾಟರಿಯ ಸಣ್ಣ ಬಲ್ಬು, ಅದರ ಕೆಳಗೆ ಬೆಳಕಿನ ಮೀಟರು. ಗಾಜು ಇಲ್ಲದೆ ಮೀಟರು ನೂರು ತೋರಿಸುವ ತನಕ ಬಲ್ಬನ್ನು ಮೇಲೆ ಕೆಳಗೆ ಸರಿಸುವುದು. ಆಮೇಲೆ ಬಲ್ಬು ದೀಪದ ಹೊಟ್ಟೆಯೊಳಗೆ ಬರುವ ಹಾಗೆ ದೀಪವನ್ನು ಕೂರಿಸುವುದು. ಈಗ ಮೀಟರು ಎಷ್ಟು ತೋರಿಸುತ್ತದೋ ಅಷ್ಟು ಬೆಳಕನ್ನು ಗಾಜು ಬಿಟ್ಟುಕೊಟ್ಟಿತು, ಉಳಿದದ್ದನ್ನು ತಾನು ಇಟ್ಟುಕೊಂಡಿತು. ಕೆಂಪು, ಹಸಿರು, ನೀಲಿ ಬಣ್ಣದ ಪಾರದರ್ಶಕ ಹಾಳೆಗಳನ್ನು ಒಂದೊಂದಾಗಿ ಅಡ್ಡ ಇಟ್ಟು ಮತ್ತೆ ಅದೇ. ದೀಪವನ್ನು ಹೊರಳಿಸಿ ಕುತ್ತಿಗೆಯಲ್ಲಿ ಒಂದು ಸಲ, ಹೊಟ್ಟೆಯಲ್ಲಿ ಒಂದು ಸಲ, ಕೊನೆಗೆ ಪಾದದ ತಳದಲ್ಲಿ. ಪ್ರತಿ ಸಲವೂ ಕನ್ನಡಕ ಮೇಲೆತ್ತಿ, ಮೀಟರಿಗೆ ಮೂಗು ತಾಗಿಸಿ ಅಂಕಿ ಓದಿ, ಪೆನ್ಸಿಲ್ಲಿನಲ್ಲಿ ಪುಸ್ತಕಕ್ಕೆ ಬರೆಯುತ್ತಿದ್ದರು.

“ಟೀಚರೇ, ಇದನ್ನೆಲ್ಲ ಅಳೆದು ಎಂತ ಮಾಡ್ತೀರಿ?”

“ಇದರ ಕೆಳಗೆ ಕೂತು ಓದ್ತಿದ್ದವರ ಪುಸ್ತಕಕ್ಕೆ ಎಷ್ಟು ಬೆಳಕು ಬೀಳ್ತಿತ್ತು ಅಂತ ಗೊತ್ತಾಗ್ಬೇಕು. ಈ ದೀಪಗಳು ಎಷ್ಟು ಚಂದ ಅಂತ ಹೇಳೋರು ಬೇಕಾದಷ್ಟು ಜನ. ಎಷ್ಟು ಬೆಳಕು ಅಂತ ಹೇಳೋರು ನಂಗೆ ಸಿಗ್ಲಿಲ್ಲ.”

“ಗೊತ್ತಾಗಿ?”

“ಗೊತ್ತಾಗಿ ಎಂತ? ಗೊತ್ತಾಗ್ತದೆ.”

ಈ ಉತ್ತರವೇ ನನ್ನ ಅನುಮಾನವನ್ನು ಗಟ್ಟಿ ಮಾಡಿತು. ಕೊಪ್ಪ, ಶೃಂಗೇರಿ, ಬಾಳೆಹೊನ್ನೂರು ಎಂದು ಹನ್ನೊಂದು ವರ್ಷದಿಂದ ಮಸೀದಿ, ದರ್ಗಾ, ಹಳೆಯ ಮನೆಗಳನ್ನು ಸುತ್ತುತ್ತಿದ್ದಾರಂತೆ. ಯಾರೂ ಹೇಳಿಲ್ಲ, ಯಾರೂ ಸಂಬಳ ಕೊಡುವುದಿಲ್ಲ. ಸುಮ್ಮನೆ ಅಷ್ಟೆಲ್ಲ ಬಸ್ಸು ಹತ್ತಿ ಇಳಿಯುವವರನ್ನು ನಾನು ಹೇಗೆ ನಂಬಲಿ?

ಬುಧವಾರ ಅವರು ಕೈ ತೊಳೆಯಲು ನಲ್ಲಿಯ ಹತ್ತಿರ ಹೋದಾಗ ನಾನು ಆ ಚೀಲವನ್ನು ಬಿಚ್ಚಿ ನೋಡಿದೆ. ತಪ್ಪೇ, ಒಪ್ಪುತ್ತೇನೆ. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ಇನ್ನೊಂದು ದೀಪ ಅದರಲ್ಲಿತ್ತು. ಅದೇ ಅರಳಿದ ಕುತ್ತಿಗೆ, ಅದೇ ಉಬ್ಬಿದ ಹೊಟ್ಟೆ. ಗಾಜು ಹೊಸದು, ಅಕ್ಷರವಿಲ್ಲ. ಅಕ್ಷರ ಬರೆಸುವುದು ಏನು ಮಹಾ ಕೆಲಸ? ಅಳೆಯುವುದು ಬರೀ ನೆಪ, ನಮ್ಮದನ್ನು ಒಯ್ದು ಇದನ್ನು ನೇತುಹಾಕುವುದೇ ಕೆಲಸ ಎಂದು ತೀರ್ಮಾನಿಸಿಬಿಟ್ಟೆ. ಅದಕ್ಕೆ ಸರಿಯಾಗಿ ಟೀಚರು ಒಳಗೆ ಬಂದವರೇ, “ನಾಳೆ ಆ ನಡುವಿನದ್ದನ್ನ ಇನ್ನೊಮ್ಮೆ ತಾ. ಮೊದಲು ಅಳೆದದ್ದನ್ನ ಕೊನೆಗೂ ಅಳೀಬೇಕು” ಎಂದರು.

ಹಾಜಿಯವರಿಗೆ ಹೇಳಬಹುದಿತ್ತು. ಆದರೆ ಅವರು ಮಗಳ ಟೀಚರೆಂದು ನಂಬಿದವರು, ನನ್ನನ್ನೇ ಬೈಯುತ್ತಾರೆ. ಗುರುವಾರ ಬೆಳಿಗ್ಗೆ ಬೇಗ ಹೋಗಿ ನಡುವಿನ ದೀಪ ಇಳಿಸಿದೆ. ಮೋಟಾರಿನ ವೈಂಡಿಂಗಿಗೆ ಹಚ್ಚುವ ವಾರ್ನಿಷ್ ಅಂಗಡಿಯಿಂದ ತಂದಿದ್ದೆ. ಬಣ್ಣವೂ ಚಿನ್ನವೂ ಇಲ್ಲದ ಪಾದದ ತಳಕ್ಕೆ, ರೂಪಾಯಿ ಅಗಲ, ಬಹಳ ತೆಳುವಾಗಿ ಒಂದು ಹಚ್ಚಿದೆ. ಕಣ್ಣಿಗೆ ಕಾಣುವುದಿಲ್ಲ. ಉಗುರಿನಲ್ಲಿ ಕೆರೆದರೆ ನನಗೆ ಮಾತ್ರ ಗೊತ್ತಾಗುತ್ತದೆ. ದೀಪ ವಾಪಸ್ ಕೊಟ್ಟಾಗ ಕೆರೆದು ನೋಡುವುದು, ವಾರ್ನಿಷ್ ಇಲ್ಲದಿದ್ದರೆ ಆ ಚೀಲವನ್ನು ಎಲ್ಲರ ಎದುರು ಬಿಚ್ಚಿಸುವುದು. ಇಷ್ಟು ಚೆನ್ನಾದ ಉಪಾಯ ಹೊಳೆದದ್ದಕ್ಕೆ ನನಗೆ ನನ್ನ ಮೇಲೇ ಹೆಮ್ಮೆಯಾಯಿತು. ಮಧ್ಯಾಹ್ನದ ಹೊತ್ತಿಗೆ ಚೆನ್ನಾಗಿ ಒಣಗಿತ್ತು.

ಅಂದು ಕುತ್ತಿಗೆಯ ಅಂಕಿ ಸೋಮವಾರದ್ದೇ ಬಂತು. ಹೊಟ್ಟೆಯದೂ ಬಂತು. ಪಾದದ ತಳಕ್ಕೆ ನೀಲಿ ಹಾಳೆ ಇಟ್ಟಾಗ ಟೀಚರು ಪೆನ್ಸಿಲ್ ಕೆಳಗಿಟ್ಟರು. ಪುಸ್ತಕ ನೋಡಿದರು. ಮೀಟರು ನೋಡಿದರು.

“ಸೋಮವಾರ ಐವತ್ತೆಂಟು. ಇವತ್ತು ಐವತ್ತಮೂರು.”

ನಾನು ಮೂಲೆಯಲ್ಲಿ ಅಲ್ಲಾಡದೆ ಕೂತಿದ್ದೆ. ವಾರ್ನಿಷ್ ಹಳದಿ ಛಾಯೆಯದು, ನೀಲಿ ಬೆಳಕನ್ನು ಹಿಡಿದುಕೊಳ್ಳುತ್ತದೆ ಎಂಬುದೆಲ್ಲ ನನಗೆ ಆಗ ತಿಳಿಯದು. ನಾನು ಮುಟ್ಟಿದ ಜಾಗದಲ್ಲೇ ಲೆಕ್ಕ ತಪ್ಪಿದೆ ಎಂಬುದು ಮಾತ್ರ ತಿಳಿಯಿತು.

ಅವರು ಬ್ಯಾಟರಿ ಬದಲಾಯಿಸಿದರು. ಐವತ್ತಮೂರು. ಕಪ್ಪು ಬಟ್ಟೆ ಎರಡು ಪದರ ಮಾಡಿದರು. ಐವತ್ತಮೂರು. ಆಮೇಲೆ ಆ ಚೀಲಕ್ಕೆ ಕೈ ಹಾಕಿ, ನಾನು ಕದ್ದು ನೋಡಿದ್ದ ಆ ಹೊಸ ದೀಪವನ್ನು ನನ್ನ ಎದುರೇ ಹೊರಗೆ ತೆಗೆದರು.

“ಇದು ನನ್ನ ಸಾಕ್ಷಿ” ಎಂದರು. “ಇದರ ಅಂಕಿ ನಂಗೆ ಬಾಯಿಪಾಠ. ದಿನಾ ನೀನು ದೀಪ ತರೋ ಮೊದಲು ಇದನ್ನ ಅಳೆದು ನೋಡ್ತೀನಿ. ಇದು ಸರಿ ಬಂದರೆ ಮೀಟರು ಸರಿ ಅಂತ.”

ಸಾಕ್ಷಿ ಸರಿಯಾಗಿಯೇ ಬಂತು. ಹಾಗಾದರೆ ಮೀಟರು ಸರಿ.

ಅಷ್ಟರಲ್ಲಿ ಹಾಜಿಯವರು ಬಾಗಿಲಿಗೆ ಬಂದರು. ವಿಷಯ ಕೇಳಿದವರೇ ಟೀಚರನ್ನು ಬಿಟ್ಟು ನನ್ನ ಕಡೆ ತಿರುಗಿದರು. “ಏನು ಯೂಸುಫ್, ಸೋಮವಾರದ ದೀಪ ಇದೇ ತಾನೇ? ಏಣಿ ಹತ್ತೋನು ನೀನೊಬ್ಬನೇ.”

“ಹಾಜಿಯವರೇ, ನಿಲ್ಲಿ” ಎಂದರು ಟೀಚರು. ಹೆಡ್‌ಮಾಸ್ಟರನ್ನೂ ಕೂರಿಸುವಂಥ ದನಿ. “ನಾನಿನ್ನೂ ಅಲ್ಲಿಗೆ ಬಂದಿಲ್ಲ. ಮೊದಲು ಮೀಟರಿನ ಮೇಲೆ ಅನುಮಾನ. ಆಮೇಲೆ ನನ್ನ ಮೇಲೆ. ಆಮೇಲೆ ಗಾಜಿನ ಮೇಲೆ. ಮನುಷ್ಯರ ಸರದಿ ಕೊನೆಗೆ. ಇಂಥ ಒಂದು ಪಾಠ ನಿಮ್ಮ ಮಗಳಿಗೂ ಮಾಡಿದ್ದೆ, ಅವಳು ನಿಮಗೆ ಹೇಳಿಲ್ಲ ಅಂತ ಕಾಣ್ತದೆ.”

ಹಾಜಿಯವರು ಬಾಗಿಲಲ್ಲೇ ಕೂತರು. ಟೀಚರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಎರಡು ವರ್ಷದ ಹಿಂದೆ ಅವರಿಗೆ ಕಣ್ಣಿನ ಪೊರೆ ತೆಗೆದಿದ್ದರಂತೆ, ಆಮೇಲೂ ಕಣ್ಣು ಪೂರ್ತಿ ತಿಳಿಯಾಗಲಿಲ್ಲವಂತೆ. ಮೀಟರಿನ ಮೂರೂ ಎಂಟೂ ನೋಡಲು ಒಂದೇ ಥರ, ಒಂದೆರಡು ಗೀಟಿನ ವ್ಯತ್ಯಾಸ.

“ಸೋಮವಾರ ಮೂರನ್ನೇ ಎಂಟು ಅಂತ ಓದಿದೆ” ಎಂದರು. ಮಾತು ನಮಗಲ್ಲ, ತಮಗೇ. “ಸೋಮವಾರ ಓದಿದವಳು ಅದಕ್ಕೆ ಮೊದಲೂ ಓದಿರ್ತಾಳೆ.”

ಪುಸ್ತಕದ ಹಾಳೆಗಳನ್ನು ಹಿಂದೆ ಹಿಂದೆ ತಿರುಗಿಸಿದರು. ಒಂದು ಕಡೆ ನಿಂತು, ಸ್ಕೇಲು ಇಟ್ಟು, ಮೂಲೆಯಿಂದ ಮೂಲೆಗೆ ಗೆರೆ ಎಳೆದರು. ಮುಂದಿನ ಹಾಳೆ. ಮತ್ತೆ ಗೆರೆ.

“ಎಂತ ಮಾಡ್ತಿದ್ದೀರಿ ಟೀಚರೇ?”

“ಆಪರೇಷನ್ ಆದ ಮೇಲಿನದ್ದೆಲ್ಲ ಹೊಡೆದು ಹಾಕ್ತಿದ್ದೀನಿ. ನಂಬೋ ಹಾಗಿಲ್ಲ.”

“ಇನ್ನೊಮ್ಮೆ ಹೋಗಿ ಅಳೆದರಾಯ್ತಲ್ಲ?”

“ಎಲ್ಲಿ ಅಳೀತೀಯ? ಶೃಂಗೇರಿ ದಾರಿಯ ಮನೆಯವರು ಮಾರಿಯಾಯ್ತು. ಕೊಪ್ಪದ್ದು ಒಡೆದು ಹೋಯ್ತು.” ಮೂರನೇ ಹಾಳೆಗೆ ಸ್ಕೇಲು ಇಟ್ಟರು.

ನಾನು ಬಾಯಿ ಬಿಡದಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ತಪ್ಪು ಅವರ ಕಣ್ಣಿನದೇ ಆಗುತ್ತಿತ್ತು, ಅವರೇ ಅದನ್ನು ಹೊತ್ತುಕೊಂಡೂ ಆಗಿತ್ತು. ಬಾಯಿ ಬಿಟ್ಟರೆ ಹಾಜಿಯವರ ಎದುರು, ನಾಳೆ ಇಡೀ ಜಮಾತಿನ ಎದುರು, ಮಸೀದಿಗೆ ಬಂದ ಅತಿಥಿಯ ಚೀಲ ಬಿಚ್ಚಿದವನು, ಹಿರಿಯರ ದೀಪಕ್ಕೆ ವಾರ್ನಿಷ್ ಬಳಿದವನು. ನನ್ನ ಹತ್ತಿರ ಇದ್ದದ್ದು ಹೆಸರೊಂದೇ. ಟೀಚರು ಮೂರನೇ ಹಾಳೆಗೂ ಗೆರೆ ಎಳೆದು ಮುಗಿಸಿದರು. ಅಷ್ಟು ಹೊತ್ತು ನಾನು ಸುಮ್ಮನಿದ್ದೆ. ಇದನ್ನೂ ಬರೆಯಬೇಕು.

“ನಿಲ್ಲಿಸಿ ಟೀಚರೇ. ನಿಮ್ಮ ಕಣ್ಣಲ್ಲ. ತಳಕ್ಕೆ ನಾನು ವಾರ್ನಿಷ್ ಹಚ್ಚಿದ್ದೀನಿ.”

ಹಾಜಿಯವರು ಎದ್ದು ನಿಂತರು. ಯಾಕೆ ಹಚ್ಚಿದೆ ಎಂದು ಕೇಳಿದರು. ಚೀಲದ ದೀಪ ನೋಡಿದ್ದು, ಬದಲಾಯಿಸುತ್ತಾರೆಂದು ತಿಳಿದದ್ದು, ಗುರುತು ಮಾಡಿದ್ದು ಎಲ್ಲ ಹೇಳಿದೆ. “ಥೂ, ನಮ್ಮ ಮಸೀದಿಗೆ ಬಂದವರ ಮೇಲೆ ಕಳ್ಳತನದ ಅನುಮಾನವಾ?” ಎಂದರು. ಒಂದು ಗಳಿಗೆ ಮೊದಲು ಅವರು ನನ್ನ ಮೇಲೆ ಪಟ್ಟದ್ದೂ ಅದೇ ಎಂದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಟೀಚರು ನನ್ನನ್ನು ಬೈಯಲಿಲ್ಲ. ದೀಪವನ್ನು ತಲೆಕೆಳಗು ಮಾಡಿ, ಕಿಟಕಿ ತೆರೆಸಿ, ತಳವನ್ನು ಓರೆಯಾಗಿ ಹಿಡಿದು ನೋಡಿದರು.

“ಎಷ್ಟು ಕೋಟು?”

“ಒಂದೇ.”

“ಒಂದೇ ಕೋಟು! ಕಣ್ಣಿಗೆ ಕಾಣೋದೇ ಇಲ್ಲ ಮಾರಾಯ. ಮೀಟರು ಹಿಡೀತು ನೋಡು!” ಅವರ ಮುಖ ಹಲಸಿನ ಹಣ್ಣು ಕಂಡ ಮಕ್ಕಳ ಮುಖದ ಹಾಗಾಯಿತು. “ತೆಗೀಲಿಕ್ಕೆ ಬರ್ತದಾ ಇದು?”

ಅಂಗಡಿಗೆ ಓಡಿ ಥಿನ್ನರ್ ತಂದೆ. ಹತ್ತಿಯಲ್ಲಿ ಅದ್ದಿ ನನ್ನ ಕೈಯಲ್ಲೇ ಒರೆಸಿಸಿದರು. ಮತ್ತೆ ಕತ್ತಲೆ, ಮತ್ತೆ ನೀಲಿ ಹಾಳೆ. ಈ ಸಲ ತಾವು ಓದಲಿಲ್ಲ. “ನೀನು ಓದು” ಎಂದರು. ಬಗ್ಗಿ ನೋಡಿದೆ. ಐವತ್ತೆಂಟು. ಹಾಜಿಯವರೂ ಬಗ್ಗಿ ನೋಡಿದರು. ಐವತ್ತೆಂಟೇ.

ಹೊಡೆದು ಹಾಕಿದ್ದ ಮೂರು ಹಾಳೆಗಳ ಗೆರೆಗಳನ್ನು ಟೀಚರು ರಬ್ಬರಿನಲ್ಲಿ ನಿಧಾನವಾಗಿ ಅಳಿಸಿದರು. ಅಳಿಸುತ್ತಾ, ತಲೆ ಎತ್ತದೆ ಹೇಳಿದರು: “ನನ್ನ ಮೇಲೆ ಅನುಮಾನ ಪಟ್ಟೆ ಅಂತ ಬೇಜಾರಿಲ್ಲ. ಪಡಲೇಬೇಕು. ಆದರೆ ನಾನು ಮೂರು ಹಾಳೆ ಹೊಡೆಯೋ ತನಕ ನೋಡ್ತಾ ಕೂತಿದ್ದೆಯಲ್ಲ, ಅದು ಸರಿಯಲ್ಲ.”



ದೀಪ ಇಳಿಸುವ ಕೆಲಸ ನನ್ನ ಕೈ ತಪ್ಪಿತು. ಹೋಟೆಲಿಗೆ ಹೋದರೆ, “ಬಾ ವಾರ್ನಿಷ್ ಯೂಸುಫ್, ಲೋಟಕ್ಕೆ ಗುರುತು ಹಾಕಿಕೊಂಡೇ ಕುಡಿ, ಯಾರಾದರೂ ಬದಲಾಯಿಸಿಯಾರು” ಎನ್ನುತ್ತಿದ್ದರು. ಆ ಹೆಸರು ಈಗಲೂ ಇದೆ.

ಏಳೆಂಟು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಟೀಚರ ಫೋನು ಬಂತು. “ಭಂಡಿಗಡಿಯ ಹತ್ತಿರ ಒಬ್ಬರ ಮನೆಯಲ್ಲಿ ಅಂಥದ್ದೇ ಒಂದು ದೀಪ ಇದೆ. ಇವತ್ತು ಮಾರ್ತಾರಂತೆ. ಬರ್ತೀಯಾ?”

“ನನ್ನನ್ನು ಯಾಕೆ ಕರೀತೀರಿ ಟೀಚರೇ?” ನನಗೆ ಅದೂ ಒಂದು ಪರೀಕ್ಷೆಯೋ ಎಂದು ಅನುಮಾನ.

“ನನ್ನ ಕಣ್ಣು ಸಾಲದು. ಜೊತೆಗೊಬ್ಬರು ಬೇಕು. ನಮ್ಮ ಮನೆಯವರು ನಾನು ಹೇಳಿದ್ದಕ್ಕೆಲ್ಲ ಹೂಂ ಅಂತಾರೆ. ಅವರಿಂದ ಉಪಯೋಗ ಇಲ್ಲ. ನೀನಾದ್ರೆ ನನ್ನನ್ನ ನಂಬೋದಿಲ್ಲ.”

ಒಪ್ಪಿಕೊಂಡಿದ್ದ ಒಂದು ಪಂಪಿನ ಕೆಲಸ ಬಿಟ್ಟು ಹೋದೆ. ಕೆಲಸ ಮುಂದೆ ಹಾಕಿದ್ದು ಆ ವರ್ಷ ಅದೊಂದೇ ಸಲ. ಟೀಚರು ಇನ್ನೂ ಸೊರಗಿದ್ದರು, ಪೆಟ್ಟಿಗೆ ನಾನೇ ಹೊತ್ತೆ. ನಾವು ಅಲ್ಲಿಗೆ ತಲುಪುವಾಗಲೇ ದೀಪ ಕೊಂಡವನ ಜೀಪು ಅಂಗಳದಲ್ಲಿತ್ತು. ಅವನ ಆಳು ಥರ್ಮಕೋಲ್ ಪೆಟ್ಟಿಗೆ ತೆರೆದು ಕಾಯುತ್ತಾ ನಿಂತಿದ್ದ. ಟೀಚರು ಆ ಮನೆಯ ಕಿಟಕಿಗಳನ್ನೂ ಮುಚ್ಚಿದರು. ಅವರದೊಂದು ಚೀಟಿ, ನನಗೊಂದು ಚೀಟಿ. ಒಬ್ಬರು ಓದಿದ್ದನ್ನು ಇನ್ನೊಬ್ಬರಿಗೆ ಹೇಳಬಾರದು. ಕುತ್ತಿಗೆಯದು ಇಬ್ಬರದೂ ಒಂದೇ ಬಂತು, ಹೊಟ್ಟೆಯದೂ ಒಂದೇ. ಪಾದದ ತಳಕ್ಕೆ ನೀಲಿ ಹಾಳೆ ಇಟ್ಟು ಓದಿ, ದೀಪ ಎತ್ತಿ ಪಕ್ಕಕ್ಕಿಟ್ಟು, ಚೀಟಿ ಬಿಚ್ಚಿದೆವು. ಅವರದು ನಲವತ್ತೇಳು, ನನ್ನದು ನಲವತ್ತೊಂದು.

“ಇನ್ನೊಮ್ಮೆ ನೋಡುವ ಟೀಚರೇ” ಎಂದೆ.

“ಅಮ್ಮಾ, ಸಾಕು ಬಿಡಿ, ಶಿವಮೊಗ್ಗ ಮುಟ್ಟಬೇಕು ನಾವು” ಎಂದು ಆ ಆಳು ದೀಪ ಎತ್ತಿಯೇಬಿಟ್ಟ. ಮನೆಯವರೂ ತಡೆಯಲಿಲ್ಲ. ಜೀಪು ಹೊರಟ ಸದ್ದು ಕೇಳಿಸುತ್ತಿರುವಾಗಲೇ ಟೀಚರು ತಮ್ಮ ಚೀಟಿಯ ನಲವತ್ತೇಳನ್ನು ಹೊಡೆದು, ಪುಸ್ತಕದಲ್ಲಿ ನಲವತ್ತೊಂದು ಎಂದು ಬರೆದರು.

ಬಸ್ಸು ಕಾಯುವಾಗ ಕೇಳಿದೆ. “ನಾನೇ ತಪ್ಪು ಓದಿರಬಹುದಲ್ಲ?”

“ಇರಬಹುದು.”

“ಮತ್ತೆ ನಿಮ್ಮದನ್ನ ಯಾಕೆ ಹೊಡೆದ್ರಿ?”

“ಎರಡರಲ್ಲಿ ಒಂದು ಬರೀಬೇಕಲ್ಲ ಮಾರಾಯ” ಎಂದರು. ಅಷ್ಟರಲ್ಲಿ ಕೊಪ್ಪದ ಬಸ್ಸು ಬಂತು. ಕಂಡಕ್ಟರು ಪೆಟ್ಟಿಗೆ ತೆಗೆದುಕೊಂಡ, ಅವರು ಹತ್ತಿದರು. ನನ್ನ ಬಸ್ಸು ಆಚೆ ಕಡೆಯದು.

ಮಳೆಗಾಲ ಮುಗಿಯುವ ಮೊದಲೇ ಟೀಚರು ತೀರಿಕೊಂಡರು. ಸುದ್ದಿ ನನಗೆ ಬಂದದ್ದು ಹದಿನೈದು ದಿನ ತಡವಾಗಿ, ಹಾಜಿಯವರಿಂದ. ಪುಸ್ತಕವನ್ನು ಅವರ ತಂಗಿಯ ಮಗಳು ಯಾವುದೋ ಕಾಲೇಜಿಗೆ ಕೊಟ್ಟಳಂತೆ. ಅಲ್ಲಿ ಓದುವವರು ಆ ನಲವತ್ತೊಂದನ್ನೂ ಉಳಿದವುಗಳ ಹಾಗೆ ಟೀಚರದೆಂದೇ ತಿಳಿಯುತ್ತಾರೆ. ನನಗೆ ಮಾತ್ರ ಅನುಮಾನ ಹೋಗಿಲ್ಲ. ನನ್ನ ಕಣ್ಣೇ ಸರಿಯೆಂದು ಬರೆದರೋ, ಅಂದು ಮಸೀದಿಯಲ್ಲಿ ಹೋದ ನನ್ನ ಮರ್ಯಾದೆ ನೆನೆದು ಬರೆದರೋ? ಮೊದಲನೆಯದಾದರೆ ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಡ. ಎರಡನೆಯದಾದರೆ, ಅವರು ಆ ಪುಸ್ತಕದಲ್ಲಿ ಮಾಡಿದ ಒಂದೇ ತಪ್ಪು ಅದು, ನನ್ನಿಂದ ಆದದ್ದು. ಅಳೆದು ನೋಡೋಣವೆಂದರೆ ಆ ದೀಪ ಯಾವ ಊರಿನ ಯಾರ ಮನೆಯಲ್ಲಿದೆಯೋ ಗೊತ್ತಿಲ್ಲ.